ಕೋಡಿಯಿಲ್ಲದ ನೀರು

ನಮ್ಮ ಮನೆತನದಲ್ಲಿ ಮೊದಲು ಸಮುದ್ರ ಕಂಡವರು ನಾವು ಮೂವರು: ಅವ್ವ, ಅವಳ ತಮ್ಮ, ನಾನು. ಐವತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ದಾದಿ ತರಬೇತಿ ಮುಗಿಸಿ ಗುಂಡ್ಲುಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಯಲ್ಲೇ ಇದ್ದಳು. ಹಿಂದಿನ ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಬಲಗಾಲು ಗಿಡ್ಡವಾಯಿತು. ಕೋಲು ಊರಿ, ನಾಲ್ಕು ಹೆಜ್ಜೆ ನಡೆದು, ನಿಂತು ಉಸಿರು ತೆಗೆದುಕೊಂಡು, ಮತ್ತೆ ನಡೆಯಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾವು ಪಟ್ಟ ಭಯವೆಲ್ಲ ಆ ಕಾಲಿಗೆ ಸೇರಿದ್ದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಸಾಹೇಬರಿದ್ದರು. ಮೆಣಸಿನಕಾಯಿ, ಹುರುಳಿ ವ್ಯಾಪಾರ. ಅವರದೊಂದು ಹಳೆಯ ವ್ಯಾನು ಇತ್ತು, ಅದನ್ನು ಅವರೇ ಓಡಿಸುತ್ತಿದ್ದರು. ಬತ್ತೇರಿ ದಾರಿಯಲ್ಲಿ ಘಟ್ಟ ಇಳಿದು ಕಲ್ಲಿಕೋಟೆಗೆ ಸರಕು ಹಾಕಿ, ಬರುವಾಗ ಚಾಪೆ, ತೆಂಗಿನ ನಾರಿನ ಹಗ್ಗ ತುಂಬಿಕೊಂಡು ಬರುವುದು. ಅವ್ವನನ್ನು ಅಕ್ಕ ಎನ್ನುತ್ತಿದ್ದರು. ಅವಳ ನರಳಾಟ ಗೋಡೆಯಾಚೆಗೂ ಕೇಳುತ್ತಿತ್ತೋ ಏನೋ, ಒಂದು ದಿನ ಬಾಗಿಲಿಗೆ ಬಂದು, "ಅಕ್ಕಾ, ಸಮುದ್ರದ ಉಪ್ಪುನೀರಲ್ಲಿ ಕಾಲಿಟ್ಕಂಡು ಕೂತ್ಕಂಡ್ರೆ ಮೂಳೆ ನೋವೆಲ್ಲ ಎಳ್ಕಂಬುಡ್ತದೆ. ಈ ಸಲ ತಲಚೇರಿ ತನಕ ಹೋಗ್ತೀನಿ. ಬನ್ನಿ," ಎಂದರು.

"ಅಷ್ಟು ಉಪ್ಪಲ್ಲಿ ಕುಂತ್ರೆ ಉಪ್ಪಿನಕಾಯಿ ಆಗೋಯ್ತೀನಲ್ಲ ತಮ್ಮ," ಎಂದಳು ಅವ್ವ. ಆದರೆ ಆಸೆ ಹತ್ತಿಬಿಟ್ಟಿತ್ತು. ನನಗೆ ಆ ಚಿಕಿತ್ಸೆಯಲ್ಲಿ ನಂಬಿಕೆಯಿರಲಿಲ್ಲ. ಬಿಸಿನೀರಿನ ಶಾಖದಿಂದ ಆಗುವಷ್ಟೇ ಗುಣ ಅದರಿಂದಲೂ ಆದೀತು ಎಂದುಕೊಂಡೆ. ಆದರೂ ವರ್ಷವಿಡೀ ಒಂದೇ ಕೋಣೆಯಲ್ಲಿದ್ದ ಜೀವಕ್ಕೆ ಗಾಳಿ ಬದಲಾವಣೆ ಬೇಕಿತ್ತು. ರಜೆ ಬರೆದು ಕೊಟ್ಟೆ.

ಅಕ್ಕ ದೂರ ಹೋಗುತ್ತಾಳೆಂದು ಕೇಳಿ ಅವಳ ತವರೂರು ಉಡಿಗಾಲದಿಂದ ಮಾವನೂ ಬಂದ. ಮಾವ ಊರಿನ ನೀರಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ನೀರಿನ ವಿಷಯದಲ್ಲಿ ಊರಿನಲ್ಲಿ ಯಾರೂ ಮಾವನಿಗೆ ಎದುರು ಮಾತಾಡುತ್ತಿರಲಿಲ್ಲ. ಬೇಸಿಗೆಯಾದ್ದರಿಂದ ಕೈಯಲ್ಲಿ ಕೆಲಸವಿರಲಿಲ್ಲ.

"ನೀವು ಬಂದ್ಬುಟ್ರೆ ನಿಮ್ಮ ಕೆರೆ ಓಡೋಗಲ್ವಾ?" ಎಂದು ಸಾಹೇಬರು ಕಿಚಾಯಿಸಿದರು.

"ಓಡೋಗಕ್ಕೆ ಅದ್ರಲ್ಲಿ ಏನದೆ ಸಾಯ್ಬ್ರೆ, ಬರೀ ದನದ ಗೊರಸಿನ ಗುರ್ತು," ಎಂದ ಮಾವ.

ಕುದಿಸಿ ಆರಿಸಿದ ನೀರು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವ್ವನಿಗೆ ಒರಗಲು ಎರಡು ದಿಂಬು, ಒಂದು ಜಮಖಾನ, ಬ್ಯಾಂಡೇಜು, ಅಯೋಡಿನ್ನು. ನನ್ನ ತಯಾರಿ ಇಷ್ಟು. ಬೆಳಕು ಹರಿಯುವಾಗ ಹೊರಟೆವು. ಕಾಡಿನ ಹಾದಿಯಲ್ಲಿ ಆನೆಯ ಹಸಿ ಲದ್ದಿ ಕಂಡಾಗ ಸಾಹೇಬರು ಗಾಡಿ ಜೋರು ಮಾಡಿದರು. ಘಟ್ಟದ ತಿರುವುಗಳಲ್ಲಿ ಅವ್ವ ಕಣ್ಣು ಮುಚ್ಚಿಕೊಂಡಳು. ಕಲ್ಲಿಕೋಟೆಯಲ್ಲಿ ಸರಕು ಇಳಿಸಿ, ಸಾಹೇಬರ ಪರಿಚಯದವರ ಮನೆಯಲ್ಲಿ ಮಲಗಿ, ಮರುದಿನ ಕಡಲ ದಂಡೆಯ ರಸ್ತೆ ಹಿಡಿದೆವು. ಆ ರಸ್ತೆಗೆ ಅಲ್ಲಲ್ಲಿ ಹೊಳೆ ಅಡ್ಡ. ಸೇತುವೆಯಿಲ್ಲದ ಕಡೆ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಗಾಡಿ ಹತ್ತಿಸಿ ದಾಟಿಸುತ್ತಿದ್ದರು. ಹಲಗೆ ತೂಗಿದಾಗ ಸಾಹೇಬರ ಮುಖ ಬೂದಿಯ ಹಾಗಾಯಿತು. ಕಾಡಿನಲ್ಲೂ ಘಟ್ಟದಲ್ಲೂ ಹೆದರದೆ ಗಾಡಿ ಓಡಿಸಿದವರು, ಸ್ಟೇರಿಂಗು ಬಿಗಿಯಾಗಿ ಹಿಡಿದು, ದಡ ಮುಟ್ಟುವವರೆಗೂ ತುಟಿ ಅಲುಗಿಸುತ್ತಾ ಕೂತರು. ಮಾವ ಮಾತ್ರ ದೋಣಿಯ ಅಂಚಿಗೆ ಹೋಗಿ ನೀರಿಗೆ ಕೈ ಅದ್ದಿ ನೋಡಿದ. "ಒಂದಾಳು ಆಳ, ಅಷ್ಟೇ," ಎಂದ, ನಮ್ಮ ಧೈರ್ಯಕ್ಕೆ.

ತಲಚೇರಿಯಲ್ಲಿ ಸಾಹೇಬರ ಕೆಲಸ ಬೇಗ ಮುಗಿಯಿತು. ಇನ್ನೂ ಮುಂದೆ, ಕಣ್ಣಾನೂರಿನ ಆಚೆಗೂ ಒಳ್ಳೊಳ್ಳೆಯ ದಂಡೆಗಳಿವೆಯಂತೆ, ಎರಡು ದಿನ ಸುತ್ತಿಸುತ್ತೇನೆ ಎಂದರು. ಊರು ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಸಮುದ್ರಕ್ಕೆ ತೀರ ಹತ್ತಿರ ಬಂದಾಗ, ತೆಂಗಿನ ಮರಗಳ ಕೆಳಗೆ ಗಾಡಿ ನಿಲ್ಲಿಸಿದರು. ದಂಡೆಯುದ್ದಕ್ಕೂ ಮೀನು ಒಣಹಾಕಿದ್ದರು. ಗಂಡಸರು ಬಲೆ ಬಿಡಿಸುತ್ತಾ ಕೂತಿದ್ದರು. ಅವರೆದುರಿಗೆ ಸೀರೆ ಎತ್ತಿ ನೀರಿಗೆ ಕಾಲಿಡಲು ಅವ್ವ ಒಪ್ಪಲಿಲ್ಲ. ಕೋಲಿನಿಂದ ಎದುರಿಗೆ ತೋರಿಸಿ, "ಅಲ್ಲಿ ಯಾರೂ ಇಲ್ಲ," ಎಂದಳು.

ಅಲ್ಲಿ ಒಂದು ದ್ವೀಪ. ಚಿಕ್ಕದು, ಕಪ್ಪು ಬಂಡೆಯ ಮೇಲೆ ಗಿಡ, ತೆಂಗು ಬೆಳೆದು ಹಸಿರು ಗುಡ್ಡೆಯ ಹಾಗಿತ್ತು. ದಂಡೆಗೂ ಅದಕ್ಕೂ ನಡುವೆ ನೀರೇ ಇರಲಿಲ್ಲ. ಒದ್ದೆ ಮರಳು, ಕಲ್ಲು, ಅಲ್ಲಲ್ಲಿ ಪಾದ ಮುಳುಗುವಷ್ಟು ಹೊಂಡ. ಬುಟ್ಟಿ ಹೊತ್ತ ನಾಲ್ಕೈದು ಹೆಂಗಸರು ಬಂಡೆಗಳಿಂದ ಚಿಪ್ಪು ಕೆರೆದು ತೆಗೆಯುತ್ತಿದ್ದರು.

ಮಾವ ಮರಳಿಗೆ ಇಳಿದು, ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಒತ್ತಿ ನೋಡಿದ. ಎದ್ದು ಆಕಾಶ ನೋಡಿದ. ಒಂದು ತುಂಡು ಮೋಡವೂ ಇರಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದರೆ ಏರಿ ಸುತ್ತಿ ಯಾರೂ ಹೋಗುವುದಿಲ್ಲ. ಗಾಡಿ, ದನ, ಮದುವೆ ದಿಬ್ಬಣ ಎಲ್ಲ ಕೆರೆಯಂಗಳದಲ್ಲೇ ಹಾಯುತ್ತವೆ. ಇಳಿದ ನೀರು ಮತ್ತೆ ಬರುವುದು ಮಳೆಯ ಜೊತೆ. ಅದೂ ಮೇಲಿನ ಹಳ್ಳ ಹರಿದರೆ.

"ಗಟ್ಟಿ ಅದೆ ಕಣಕ್ಕ. ಗಾಡಿನೇ ಓಡಿಸ್ಬೋದು," ಎಂದ ಮಾವ. "ಮುಂಗಾರು ಬರಗಂಟ ಇದು ಇಂಗೇ ಬಿದ್ದಿರ್ತದೆ. ಓಗನ ನಡಿ."

ನನಗೂ ಅದು ಸರಿಯಾಗಿಯೇ ಕಂಡಿತು. ಸಾಹೇಬರು ತಾವು ಬರುವುದಿಲ್ಲ, ಒದ್ದೆ ನೆಲವೂ ನೀರೇ ತಮಗೆ, ಎಂದು ಗಾಡಿಯ ಬಳಿ ಉಳಿದರು. ಕಲ್ಲಿಕೋಟೆಗೆ ಎಷ್ಟು ಸಲ ಬಂದಿದ್ದರೂ ಅವರು ಸಮುದ್ರದ ಹತ್ತಿರ ಸುಳಿದವರಲ್ಲ. ರೊಟ್ಟಿ, ದಿಂಬು, ಜಮಖಾನ, ಔಷಧಿ ಹೊತ್ತುಕೊಂಡು ನಾವು ಮೂವರು ದಾಟಿದೆವು. ಅವ್ವನ ಹೆಜ್ಜೆಗೆ ಬಹಳ ಹೊತ್ತು ಹಿಡಿಯಿತು. ಕಡಿದಾದ ಕಡೆ ಮಾವ ಅವಳನ್ನು ಬೆನ್ನ ಮೇಲೆ ಹೊತ್ತ. ದ್ವೀಪದ ಹಿಂಬದಿಯಲ್ಲಿ ಮಂಟಪದ ಮೆಟ್ಟಿಲಿನಂಥ ಬಂಡೆ ಸಿಕ್ಕಿತು. ಅವ್ವ ಸೀರೆ ಮೊಣಕಾಲಿಗೆ ಎತ್ತಿಕೊಂಡು ಉಪ್ಪುನೀರಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಅಲೆ ಬಂದು ತೊಡೆಗೆ ಬಡಿದಾಗ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಆ ನಗು ಕೇಳಿ ಒಂದು ವರ್ಷವಾಗಿತ್ತು.

ಮಾವ ನೀರಿನ ಅಂಚಿನಲ್ಲಿ ಒಂದು ಬಿಳಿ ಕಲ್ಲು ಇಟ್ಟ. ಕೆರೆಯಲ್ಲಿ ನೀರು ಎಷ್ಟು ಇಳಿಯಿತು, ಏರಿತು ಎಂದು ತಿಳಿಯಲು ನೀರಗಂಟಿಗಳು ಹಾಗೆ ಕಲ್ಲಿಡುತ್ತಾರೆ. ಅಲ್ಲಿ ಅದರ ಅಗತ್ಯವಿರಲಿಲ್ಲ, ಕೈ ಅಭ್ಯಾಸ ಬಿಡಲಿಲ್ಲ ಅಷ್ಟೆ. ಮೇಲಿನ ನೆರಳಿಗೆ ಹೋಗಿ ರೊಟ್ಟಿ ತಿಂದೆವು. ಊಟವಾದ ಮೇಲೆ ಅವ್ವ ಮಲಗಲೇಬೇಕು. ಜಮಖಾನ ಹಾಸಿ, ಸೊಂಟದ ಕೆಳಗೆ ದಿಂಬು ಕೊಟ್ಟೆ. ಚಿಪ್ಪಿನ ಹೆಂಗಸರು ಬುಟ್ಟಿ ಹೊತ್ತು ವಾಪಸು ಹೊರಟಿದ್ದರು. ಒಬ್ಬಳು ನಮ್ಮ ಕಡೆ ನೋಡಿ ಮಲಯಾಳದಲ್ಲಿ ಏನೋ ಕೂಗಿದಳು. ಮಾವ ಕೈ ಮುಗಿದ.

ಅವ್ವ ಚೆನ್ನಾಗಿ ನಿದ್ದೆ ಮಾಡಿದಳು. ನಾನೂ ಕಣ್ಣು ಮುಚ್ಚಿದ್ದೆ. ಎಚ್ಚರವಾದಾಗ ಮಾವ ಕೆಳಗೆ, ಬಂಡೆಯ ಹತ್ತಿರ, ಏನೋ ಹುಡುಕುವವನ ಹಾಗೆ ಬಗ್ಗಿಕೊಂಡಿದ್ದ. ಇಳಿದು ಹೋದೆ.

"ಕಲ್ಲು ಯಾರೋ ಎತ್ಕಂಡೋಗವ್ರೆ," ಎಂದ. ಇನ್ನೊಂದು ಕಲ್ಲು ತಂದು ನೀರಿನ ಅಂಚಿಗೆ ಇಟ್ಟ. ನಾವಿಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಒಂದು ಅಲೆ ಬಂದು ಅದರ ಬುಡ ತೊಳೆದು ಹೋಯಿತು. ಮತ್ತೊಂದು ಬಂದು ಅರ್ಧ ಮುಳುಗಿಸಿತು. ಆಮೇಲಿನದು ಬಂದಾಗ ಕಲ್ಲು ಕಾಣಲಿಲ್ಲ, ಅಲೆ ಹಿಂದಕ್ಕೆ ಹೋದ ಮೇಲೂ ಕಾಣಲಿಲ್ಲ.

ನಾವು ಓಡಿದೆವು. ದಂಡೆಯ ಕಡೆಗೆ, ನಡೆದು ಬಂದ ದಾರಿಯ ಕಡೆಗೆ. ಆ ದಾರಿ ಇರಲಿಲ್ಲ. ಎರಡು ಬದಿಯಿಂದಲೂ ನೀರು ಬಂದು ನಡುವೆ ಕೂಡಿಕೊಂಡು, ಸುಳಿಯುತ್ತಾ, ನೊರೆ ಮಾಡುತ್ತಾ ಹರಿಯುತ್ತಿತ್ತು. ಅಲೆಯಂತೆ ಬಂದು ಹೋಗುವ ನೀರಲ್ಲ, ಹೊಳೆಯ ಹಾಗೆ ಅಡ್ಡಡ್ಡ ಎಳೆಯುವ ನೀರು. ಆಚೆ ದಂಡೆಯಲ್ಲಿ ಸಾಹೇಬರು ಹೆಗಲ ಮೇಲಿನ ಬಟ್ಟೆ ಬೀಸುತ್ತಾ ಅತ್ತಿಂದಿತ್ತ ಓಡುತ್ತಿದ್ದರು. ಅವರ ದನಿ ನಮಗೆ ಮುಟ್ಟಲಿಲ್ಲ.

ವಾರ್ಡಿನಲ್ಲಿ ಸಾವು ನೋಡಿದ್ದೆ, ರಕ್ತ ನೋಡಿದ್ದೆ. ಆಗ ಮಾಡಬೇಕಾದ ಕೆಲಸ ಒಂದಾದ ಮೇಲೊಂದು ನೆನಪಿಗೆ ಬರುತ್ತಿತ್ತು. ಇಲ್ಲಿ ಯಾವ ಕೆಲಸವೂ ನೆನಪಿಗೆ ಬರಲಿಲ್ಲ.

ಮಾವ ಪಂಚೆ ಮೇಲೆ ಕಟ್ಟಿದ. ಆಳ ನೋಡಿ ಬರುತ್ತೇನೆ, ಸೊಂಟದಷ್ಟಿದ್ದರೆ ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತೇನೆ ಎಂದ. ಬೇಡ ಎಂದು ತೋಳು ಹಿಡಿದೆ. ಬಿಡಿಸಿಕೊಂಡ. ತುಂಬಿದ ಕೆರೆಯಲ್ಲಿ ಮುಳುಗಿ ತೂಬಿನ ಬಾಯಿಗೆ ಕೈಹಾಕಿ ಕಸ ತೆಗೆಯುವವನು ಅವನು. ನೀರಿಗೆ ಇಳಿದ. ಮೊಣಕಾಲು, ತೊಡೆ, ಸೊಂಟ. ಅಲ್ಲಿಗೆ ಅವನ ಕಾಲು ನೆಲ ಬಿಟ್ಟಿತು. ಒಂದು ಬದಿಯಿಂದ ಬಂದ ನೀರು ಅವನನ್ನು ಹೊರಳಿಸಿ ಎಳೆದುಕೊಂಡು ಹೋಯಿತು. ತಲೆ ಕಂಡಿತು, ಕಾಣಲಿಲ್ಲ, ಮತ್ತೆ ಕಂಡಿತು. ನಮ್ಮ ಪುಣ್ಯಕ್ಕೆ ಆ ನೀರೇ ಅವನನ್ನು ದ್ವೀಪದ ಮೂಲೆಯ ಬಂಡೆಗೆ ಬಡಿಯಿತು. ತಬ್ಬಿ ಹಿಡಿದುಕೊಂಡ. ಮೇಲೆ ಹತ್ತಿ ಬಂದಾಗ ಮೊಣಕೈ ಎದೆ ಎಲ್ಲ ಚಿಪ್ಪಿನ ಅಂಚಿಗೆ ಕೊಯ್ದು ರಕ್ತ ಇಳಿಯುತ್ತಿತ್ತು.

ಅವ್ವ ಎದ್ದು ಕೂತಿದ್ದಳು. ತಮ್ಮನ ಮೈ ನೋಡಿದಳು, ಆಮೇಲೆ ನೀರು ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ನೀರು ಏರ್ತಾ ಅದಾ?"

"ಊಂ."

"ಎಲ್ಲಿಗಂಟ ಏರ್ತದೆ ಕಣ್ಲಾ?"

ನಾನು ಮಾವನ ಗಾಯಕ್ಕೆ ಅಯೋಡಿನ್ನು ಹಚ್ಚುತ್ತಿದ್ದೆ. ಮಾವ ಉರಿಗೆ ಮುಖ ಕಿವುಚಲೂ ಇಲ್ಲ. ಸಮುದ್ರವನ್ನೇ ನೋಡುತ್ತಾ, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಇದ್ಕೆ ಕೋಡಿ ಇಲ್ಲ ಕಣಮ್ಮಿ."

ಕೆರೆ ಎಷ್ಟೇ ತುಂಬಲಿ, ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಆಚೆ ಹೋಗುತ್ತದೆ. ಅದಕ್ಕಿಂತ ಮೇಲೆ ನೀರು ಏರುವುದಿಲ್ಲ. ಅದನ್ನು ನಂಬಿಯೇ ಕೆರೆಯ ಕೆಳಗೆ ಊರು ಮಲಗುತ್ತದೆ. ಮಾವ ನೋಡುತ್ತಿದ್ದುದು ಎಲ್ಲೂ ಕಟ್ಟೆಯಿಲ್ಲದ, ಎಲ್ಲೂ ಕೋಡಿಯಿಲ್ಲದ ನೀರು. ಅದು ಎಲ್ಲಿ ನಿಲ್ಲುತ್ತದೆ, ನಿಲ್ಲುತ್ತದೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನನಗಿದ್ದ ಭಯ ಒಂದು ತೂಕದ್ದು. ಮಾವನಿಗೆ ಗೊತ್ತಿಲ್ಲ ಎಂದು ತಿಳಿದ ಮೇಲಿನ ಭಯವೇ ಬೇರೆ.

ಭೂಗೋಳದ ಪಾಠದಲ್ಲಿ ಉಬ್ಬರವಿಳಿತ ಎಂಬ ಮಾತು ಓದಿದ್ದೆ. ಚಂದ್ರನ ಚಿತ್ರ ಬರೆದು ಮಾರ್ಕು ತೆಗೆದಿದ್ದೆ. ಅದು ಒಂದು ಮಧ್ಯಾಹ್ನದ ನಿದ್ದೆಯೊಳಗೆ ಕಾಲುದಾರಿಯನ್ನು ನುಂಗುವಂಥದು ಎಂದು ಹೊಳೆದಿರಲಿಲ್ಲ. ಈಗ ನೆನಪಾಯಿತು. ಆದರೆ ಪಾಠದಲ್ಲಿ ಎಷ್ಟು ಎತ್ತರ ಎಂದು ಬರೆದಿರಲಿಲ್ಲ.

ಅವ್ವನನ್ನು ದ್ವೀಪದ ನೆತ್ತಿಗೆ ಸಾಗಿಸಿದೆವು. ನಾನು ಭುಜ, ಮಾವ ಕಾಲು. ಸೊಂಟ ಅಲುಗಿದಾಗೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಮೇಲೆ ಒಂದು ಓರೆ ತೆಂಗಿನ ಮರವಿತ್ತು. ಅವ್ವನನ್ನು ಅದಕ್ಕೆ ಒರಗಿಸಿದೆ. ಅವಳು ಆ ಮರವನ್ನೂ ನನ್ನನ್ನೂ ನೋಡಿದಳು.

"ನೀನೂ ಅವನೂ ಮರ ಅತ್ಕಳಿ," ಎಂದಳು. "ನನ್ ಕೈಲಿ ಆಗಲ್ಲ. ಅತ್ಸಕ್ಕೂ ಓಗ್ಬ್ಯಾಡಿ."

ಸುಮ್ಮನಿರು ಎಂದು ಗದರಿದೆ. ಆದರೆ ಅವಳು ಹೇಳುವ ಮೊದಲೇ ನನ್ನ ಕಣ್ಣು ಆ ಮರದ ಎತ್ತರವನ್ನು ಅಳೆದಿತ್ತು, ಈ ಕಾಲಿನವಳನ್ನು ಹೇಗೆ ಹತ್ತಿಸುವುದು ಎಂದು ಲೆಕ್ಕ ಹಾಕಿತ್ತು, ಆಗುವುದಿಲ್ಲ ಎಂದು ಕಂಡುಕೊಂಡಿತ್ತು. ಅವಳ ನಾಡಿ ಹಿಡಿದು ಕೂತೆ. ವೇಗವಾಗಿ ಬಡಿಯುತ್ತಿತ್ತು. ನನ್ನದು ಅದಕ್ಕಿಂತ ವೇಗವಾಗಿತ್ತು. ಮಾವ ಕೆಳಗಿನ ಬಂಡೆಗೂ ನಮ್ಮ ಹತ್ತಿರಕ್ಕೂ ಓಡಾಡುತ್ತಿದ್ದ. ಪ್ರತಿ ಸಲ ಬಂದಾಗಲೂ ಅವನ ಓಡಾಟದ ದೂರ ಕಡಿಮೆಯಾಗುತ್ತಿತ್ತು.

ದೋಣಿಯನ್ನು ಮೊದಲು ಕಂಡವಳು ಅವ್ವ. ಮರದ ದಿಮ್ಮಿ ಕೊರೆದು ಮಾಡಿದ ಕಿರಿದಾದ ದೋಣಿ. ಹಿಂದೆ ನಿಂತು ಹುಟ್ಟು ಹಾಕುತ್ತಿದ್ದವನು ತಲೆಗೆ ಬಟ್ಟೆ ಸುತ್ತಿದ ಮೀನುಗಾರ. ನಡುವೆ, ದೋಣಿಯ ಎರಡು ಅಂಚನ್ನೂ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸಾಹೇಬರು. ಹಲಗೆಯ ಮೇಲೆ ಗಾಡಿಯೊಳಗೆ ಕೂತಾಗಲೇ ಜೀವ ಕೈಯಲ್ಲಿ ಹಿಡಿದಿದ್ದ ಮನುಷ್ಯ ಈ ನೀರಿನ ಮೇಲೆ ಬರುತ್ತಿದ್ದುದನ್ನು ನೋಡಿ ನನಗೆ ಅಳು ಬಂತು. ಬಂಡೆಗೆ ತಾಗಿದ ಮೇಲೆಯೇ ಅವರು ಕಣ್ಣು ತೆರೆದದ್ದು.

"ಅಕ್ಕಾ, ಇವನು ನಗ್ತಾ ಅವ್ನೆ," ಎಂದರು. ಅವರ ದನಿಯೇ ಸರಿಯಿರಲಿಲ್ಲ. "ನಾನು ದಂಡೇಲಿ ಅಳ್ತಾ ಇದ್ರೆ ನಗ್ತಾನೆ."

ಮೀನುಗಾರ ನಿಜಕ್ಕೂ ನಗುತ್ತಿದ್ದ. ಸಾಹೇಬರಿಗೆ ವ್ಯಾಪಾರಕ್ಕೆ ಬೇಕಾದಷ್ಟು ಮಲಯಾಳ ಬರುತ್ತಿತ್ತು. ಅವನು ಹೇಳಿದ್ದನ್ನು ನಮಗೆ ತಿಳಿಸಿದರು. ಇದು ದಿನಾ ಆಗುವುದು, ಎರಡು ಸಲ ಏರಿ ಎರಡು ಸಲ ಇಳಿಯುವುದು, ಕತ್ತಲಾಗುವ ಹೊತ್ತಿಗೆ ಮತ್ತೆ ನಡೆದೇ ಬರಬಹುದು. ಮೀನುಗಾರ ಬಂಡೆಯ ಮೇಲೆ ಒಂದು ಗೆರೆ ತೋರಿಸಿದ. ಕೆಳಗೆಲ್ಲ ಚಿಪ್ಪು ಅಂಟಿಕೊಂಡು ಕಪ್ಪಾಗಿತ್ತು, ಮೇಲೆ ಬೋಳು ಕಲ್ಲು. ನೀರು ಅಲ್ಲಿಯವರೆಗೆ ಬರುತ್ತದೆ, ಮುಂದಕ್ಕಿಲ್ಲ ಎಂದ. ಗೆರೆಗೂ ನೀರಿಗೂ ಆಗ ಒಂದು ಮೊಳದಷ್ಟು ಉಳಿದಿತ್ತು.

"ದಿನಾ ಎಲ್ಡು ಸಲನಾ?" ಎಂದ ಮಾವ. "ತೂಬು ಎತ್ತೋರು ಯಾರು?"

ಸಾಹೇಬರು ಅದನ್ನು ಕೇಳಲು ಹೋಗಲಿಲ್ಲ. ದೋಣಿಯಲ್ಲಿ ಹೋಗುವುದೋ, ಇಲ್ಲೇ ಕಾಯುವುದೋ ಎಂದು ನನ್ನನ್ನು ಕೇಳಿದರು. ಗೆರೆಯನ್ನು ನಂಬುವ ಶಕ್ತಿ ನನ್ನಲ್ಲಿರಲಿಲ್ಲ. ಹೋಗೋಣ ಎಂದೆ. ಮೀನುಗಾರ ಅವ್ವನನ್ನು ಮಗುವಿನ ಹಾಗೆ ಎತ್ತಿ ದೋಣಿಯಲ್ಲಿ ಜಮಖಾನದ ಮೇಲೆ ಮಲಗಿಸಿದ. ನಾನು ಅವಳ ತಲೆಯ ಕಡೆ ಕೂತೆ, ಸಾಹೇಬರು ಕಾಲಿನ ಕಡೆ. ಅಷ್ಟಕ್ಕೇ ದೋಣಿಯ ಅಂಚು ನೀರಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಬಂತು. ಇನ್ನೊಬ್ಬರಿಗೆ ಜಾಗವಿರಲಿಲ್ಲ. ಮತ್ತೊಮ್ಮೆ ಬಂದು ಕರೆದುಕೊಂಡು ಹೋಗುತ್ತಾನೆ ಎಂದರು ಸಾಹೇಬರು.

"ಬ್ಯಾಡ," ಎಂದ ಮಾವ. "ನಾ ಆಮೇಕೆ ನಡ್ಕಂಡ್ ಬತ್ತೀನಿ." ಎಂದು ಆ ಗೆರೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ನೀರಿನ ಮೇಲಿನ ಆ ಸ್ವಲ್ಪ ಹೊತ್ತನ್ನು ನಾನು ವಿವರಿಸಲಾರೆ. ದೋಣಿ ಓರೆಯಾದಾಗ ಆಕಾಶ ಕಾಣುತ್ತಿರಲಿಲ್ಲ, ಬರೀ ಹಸಿರು ನೀರಿನ ಗೋಡೆ. ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಉಗುರಿನ ಗುರುತು ಬಹಳ ದಿನ ಇತ್ತು. ದಂಡೆ ಮುಟ್ಟಿ ಮರಳಿನ ಮೇಲೆ ಕೂರಿಸಿದಾಗ ಅವಳು ಮೊದಲು ಕೇಳಿದ್ದು ತನ್ನ ಕಾಲಿನ ವಿಷಯವನ್ನಲ್ಲ.

"ಅವನು ಯಾಕೆ ಬರ್ನಿಲ್ಲ?"

ಕತ್ತಲಾಗುವ ಹೊತ್ತಿಗೆ ಬರುತ್ತಾನೆ ಎಂದೆ. ಅವ್ವ ನಂಬಲಿಲ್ಲ. ನೀರಿನ ವಿಷಯದಲ್ಲೇ ಅವನ ಮರ್ಯಾದೆ ಹೋಗಿದೆ, ಅದಕ್ಕೇ ನೀರಿಗೆ ಹಾರಿಕೊಳ್ಳುತ್ತಾನೆ ಎಂದಳು. ಹೀಗೆ ಹೇಳಿದ ಮೇಲೆ ನನಗೂ ಹಾಗೆಯೇ ಅನ್ನಿಸತೊಡಗಿತು. ದೂರದಲ್ಲಿ ಕಪ್ಪು ಬಂಡೆಯ ಮೇಲೆ ಬಿಳಿ ಚುಕ್ಕೆಯಂತೆ ಅವನ ಪಂಚೆ ಕಾಣುತ್ತಿತ್ತು. ಅಲುಗುತ್ತಿರಲಿಲ್ಲ. ಅಲೆಯ ಸಿಡಿತ ಅದರ ಮೇಲೆ ಬಿದ್ದಾಗ ಕ್ಷಣ ಮರೆಯಾಗುತ್ತಿತ್ತು, ಆಗೆಲ್ಲ ಅವ್ವ ಕೋಲು ಊರಿ ಏಳಲು ನೋಡುತ್ತಿದ್ದಳು. ಸಾಹೇಬರು ಮರದ ಕೆಳಗೆ ಚಾಪೆ ಹಾಸಿ ನಮಾಜು ಮಾಡಿ ಬಂದರು. ಚಹಾ ತಂದರು. ಯಾರೂ ಕುಡಿಯಲಿಲ್ಲ. ಸೂರ್ಯ ಇಳಿದ ಮೇಲೆ ಬಿಳಿ ಚುಕ್ಕೆಯೂ ಕಾಣಿಸದಾಯಿತು.

ಕೊನೆಗೆ ಅವನು ನಡೆದು ಬಂದ. ಮಬ್ಬು ಬೆಳಕಿನಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ, ಪ್ರತಿ ಹೆಜ್ಜೆಗೂ ಕಾಲಿನಿಂದ ತಡವಿ ನೋಡಿಕೊಂಡು, ಅವ್ವನಷ್ಟೇ ನಿಧಾನವಾಗಿ. ಗಾಯಗಳು ಉಪ್ಪಿಗೆ ಬೆಳ್ಳಗಾಗಿದ್ದವು. ಬಂದು ಅವ್ವನ ಎದುರಿಗೆ ನಿಂತ.

"ಗೆರೆಗಂಟ ಬಂತು," ಎಂದ. "ಅಲ್ಲೇ ನಿಂತ್ಕತು. ಯಾರೂ ಏನೂ ಮಾಡ್ನಿಲ್ಲ ಕಣಕ್ಕ, ತಾನೇ ನಿಂತ್ಕತು." ಅವನ ದವಡೆ ನಡುಗುತ್ತಿತ್ತು. ಚಳಿಗೆ ಎಂದು ನಾನು ಜಮಖಾನ ಹೊದಿಸಿದೆ.

ಕಣ್ಣಾನೂರಿನ ಮಾತನ್ನು ಯಾರೂ ಎತ್ತಲಿಲ್ಲ. ಸಾಹೇಬರು ಕೇಳದೆಯೇ ಗಾಡಿಯನ್ನು ಬಂದ ದಾರಿಗೆ ತಿರುಗಿಸಿದರು. ಅವ್ವ ತಮ್ಮನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅವನ ಒದ್ದೆ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿ ಹಿಡಿದುಕೊಂಡಳು. ರಸ್ತೆ ಸಮುದ್ರ ಬಿಟ್ಟು ಒಳಗೆ ತಿರುಗುವವರೆಗೂ ಬಿಡಲಿಲ್ಲ.